ತೂತು ಮುಚ್ಚಿದ ಡಬ್ಬಿ

...ಇಲ್ಲ ಪಂಪಾ, ಮೊದಲ ಚಾ ಕುಡಿ. ಲಿಂಗಸೂಗೂರಿನಿಂದ ಬಸ್ಸಿನಾಗ ನಿಂತಕೊಂಡು ಬಂದೀನಿ ಅಂತಿ, ಚೀಲ ಇಳಿಸೂದ್ರಾಗ ಮಾಳಿಗಿ ಹತ್ತಿದಿ. ಅವ್ವ ಇಲ್ಲದ ತಂಗಿಗೆ ಬಾಣಂತನ ಮಾಡಾಕ ಹೋಗಿ ತಿಂಗಳಾತು, ಒಂದಿನರ ಗಂಡ ಉಂಡಾನೋ ಇಲ್ಲೋ ಕೇಳಿದೇನು? ದಿನಾ ಫೋನು, "ಬದನಿಗೆ ನೀರು ಹಾಕಿದ್ರೇನ್ರಿ, ಮಲ್ಲಿಗಿಗೆ ಹಾಕಿದ್ರೇನ್ರಿ." ನಾ ನಿನ್ನ ಗಂಡನೋ, ಈ ಎಣ್ಣಿ ಡಬ್ಬ್ಯಾಗಿನ ಗಿಡಕ್ಕ ಇಟ್ಟ ಆಳೋ?

ನಗಬ್ಯಾಡ. ಮೂವತ್ತು ವರ್ಷ ಭತ್ತ ಬೆಳದ ಕೈ ಇವು. ನಾಲ್ಕೆಕರೆಗೆ ನೀರು ಕಟ್ಟಾಂವಗ ನಾಲ್ಕು ಡಬ್ಬಿ ಯಾವ ಲೆಕ್ಕ? ನೋಡು, ಬದನಿ ಹೆಂಗ... ಹಾಂ, ಸ್ವಲ್ಪ ಹಳದಿ ಆಗೇತಿ. ಬಿಸಲು. ಮೆಣಸಿನಗಿಡ? ಅದಕ್ಕೂ ಬಿಸಲು. ನನ್ನ ಯಾಕ ಹಂಗ ನೋಡ್ತಿ, ಸಿಂಧನೂರ ಬಿಸಲು ನಾ ಹೊತ್ತು ತಂದೇನೇನು?

ಡಬ್ಬಿ ಎತ್ತಬ್ಯಾಡ, ಸೊಂಟ ಹಿಡೀತೈತಿ. ಎತ್ತಬ್ಯಾಡ ಅಂದ್ನಲ್ಲ... ಹೌದು, ಸಿಮೆಂಟ್. ತಳದಾಗ ನೀ ಹೊಡದ ತೂತಿನಿಂದ ಹಾಕಿದ ನೀರೆಲ್ಲಾ ಸೋರತಿತ್ತು. ಗದ್ದಿ ಬದುವಿಗೆ ಏಡಿ ತೂತು ಹೊಡದ್ರ ಸುಮ್ನ ಕುಂದರ್ತೀವೇನು? ಮುಚ್ಚಿದೆ. ನಾಲ್ಕು ಬೆರಳು ನೀರು ನಿಂದ್ರಿಸಿದೆ. ಭತ್ತ ಆಗಿದ್ರ ನನಗ ಕೈ ಮುಗೀತಿತ್ತು.

ಅದನ್ನ ಬಿಡು, ಮಲ್ಲಿಗಿ ನೋಡು. ಹೆಂಗ ಹಸರಾಗಿ ಐತಿ. ಇದಕ್ಕರ ಒಂದು ಶಾಬಾಸ್ ಅನ್ನು. ಪಾಮನಕಲ್ಲೂರಾಗ ನಿಮ್ಮವ್ವ ತನ್ನ ಕೈಯಾರೆ ಟೊಂಗಿ ಮುರದು, ಒದ್ದಿ ಅರಬ್ಯಾಗ ಸುತ್ತಿ ಕೊಟ್ಟಿದ್ದು, ನನಗ ಗೊತ್ತಿಲ್ಲೇನು? ಏನು, ಬುಡ ಸಣ್ಣದಾಗೇತಾ? ತಿಂಗಳಿಡೀ ನೀ ಇಲ್ಲದ ಸೊರಗೇತಿ, ನನ್ನಂಗ... ಮಣ್ಣು ಯಾಕ ಕೆದರ್ತಿ? ಬೇರಿಗೆ ಗಾಳಿ ಹತ್ತೀತು. ಪಂಪಾ, ಸಾಕು, ಚಾ ಆರತೈತಿ...

ಅದು... ನರ್ಸರಿ ಪಾಕೀಟು. ಹರದು ಹಚ್ಚಬೇಕಂತ ನನಗ ಹೊಳೀಲಿಲ್ಲ.

ಹೋದ ವಾರ ಈ ಹೊಸ ಗಿಡ ತಂದೆ. ಅವ್ವನ ಗಿಡ ಬೇರು ಕೊಳತು ಹೋತು, ಪಂಪಾ. ಎಲಿ ಉದರಿದಂಗೆಲ್ಲಾ ನೀರು ಸಾಲವಲ್ದು ಅಂತ ಇನ್ನಷ್ಟು ಹಾಕಿದೆ. ನಾನ ಮುಳುಗಿಸಿ ಕೊಂದೆ. ಬುಡ ಒಗಿಯಾಕ ಮನಸ್ಸಾಗಲಿಲ್ಲ, ಅಲ್ಲೇ ನೀರಿನ ಟಾಕಿ ಹಿಂದ ಇಟ್ಟೀನಿ. ಫೋನಿನಾಗ ದಿನಾ "ಚಂದ ಐತಿ" ಅಂದೆ. ಸುಳ್ಳು. ತಪ್ಪಾತು.

ಬೈಯಿ. ನಿನಗ ಬೈಯೂದು ನಾ ಕಲಸಬೇಕೇನು? ಕೋಣ ಅನ್ನು, ಕತ್ತಿ ಅನ್ನು, ಏನರ ಅನ್ನು... ಹಿಂಗ ಸುಮ್ನ ಕುಂದರಬ್ಯಾಡ, ಪಂಪಾ.

ನಿಮ್ಮವ್ವ ಹೋದ ದಿನಾನೂ ನೀ ಹಿಂಗ ಕುಂತಿದ್ದಿ.