ಶಶಿಪ್ರಭಾಳ ಕೊರಳಿನ ಬಿಲ್ಲೆ

ಮಟಿಲ್ಡಾ ಬ್ರೂಕ್ಸ್, ಪ್ರಾಯ ಹದಿನೇಳು, ಇಂಟರ್‌ಮೀಡಿಯೇಟ್ ಮೊದಲ ವರ್ಷದ ವಿದ್ಯಾರ್ಥಿನಿ, ವಾಸ ಅತ್ತಾವರದ ಹೆಣ್ಣುಮಕ್ಕಳ ಶಾಲೆಯ ಹಾಸ್ಟೆಲ್, ಮಂಗಳೂರು. ನಾನು ಠಾಣೆಗೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ:

ನನ್ನ ತಂದೆ ಇಂಗ್ಲೆಂಡಿನವರು, ತಮ್ಮ ದೇಶಕ್ಕೆ ಮರಳಿದ್ದಾರೆ. ತಾಯಿ ಇಲ್ಲ. ಸಣ್ಣಂದಿನಿಂದ ಇದೇ ಹಾಸ್ಟೆಲಿನಲ್ಲಿದ್ದೇನೆ. ಕಾಣೆಯಾದ ಶಶಿಪ್ರಭಾ ಬಜಪೆಯವಳು, ಐದನೇ ಫಾರಂ, ನನ್ನ ಪಕ್ಕದ ಮಂಚದವಳು.

ಹಾಸ್ಟೆಲಿನಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತಾಡಿದವಳ ಕೊರಳಿಗೆ ವಾರ್ಡನ್ ಕಾರ್ಮಿನ್ ಟೀಚರ್ ಮರದ ಬಿಲ್ಲೆ ಹಾಕುತ್ತಾರೆ. ಬಿಲ್ಲೆ ಇದ್ದವಳನ್ನು ಯಾರೂ ಮಾತಾಡಿಸಬಾರದು. ತುಳುವೋ ಕೊಂಕಣಿಯೋ ಆಡಿದ ಇನ್ನೊಬ್ಬಳನ್ನು ಹಿಡಿದುಕೊಟ್ಟರೆ ಬಿಲ್ಲೆ ಅವಳಿಗೆ ದಾಟುತ್ತದೆ.

ಹೋದ ತಿಂಗಳು ಶಶಿಪ್ರಭಾಳ ತಾಯಿ ಗೇಟಿಗೆ ಬಂದಿದ್ದರು. ಅವರಿಗೆ ತುಳು ಮಾತ್ರ ಬರುವುದು. ಅವರೊಡನೆ ತುಳುವಿನಲ್ಲಿ ಮಾತಾಡಿದ್ದಕ್ಕೆ ಇವಳಿಗೆ ಬಿಲ್ಲೆ ಬಿತ್ತು. ಇವಳು ಯಾರನ್ನೂ ಹಿಡಿದುಕೊಡಲಿಲ್ಲ, ಬಿಲ್ಲೆ ಇವಳ ಕೊರಳಲ್ಲೇ ಉಳಿಯಿತು. ಕೆಲವರಿಗೆ ಅದು ಚಿನ್ನದ ಸರದ ಹಾಗೆ ಕಾಣುತ್ತದೆ ಎಂದು ಆನಿ ಎಂಬ ಹುಡುಗಿ ಊಟದ ಮೇಜಿನಲ್ಲಿ ಗೋಡೆ ನೋಡಿ ಹೇಳಿದಳು. ಅಡುಗೆಯ ತೆರೆಸಾಬಾಯಿ ನನ್ನನ್ನು ಕರೆದು, "ಎಂತ ಮಗಾ ಇದು, ಆ ಹುಡುಗಿ ಬಾವಿಕಟ್ಟೆಯಲ್ಲಿ ಕೊಡಪಾನದ ಒಟ್ಟಿಗೆ ಮಾತಾಡ್ತಾ ಉಂಟು" ಎಂದರು.

ಈ ಶಿಕ್ಷೆ ನಿಲ್ಲಿಸಬೇಕೆಂದು ನಾನು ಹೆಡ್‌ಮಿಸ್ಟ್ರೆಸ್ಸರಲ್ಲಿ ಕೇಳಿದೆ. ನಿನಗೆಂತ ಕಷ್ಟ, ನಿನ್ನ ಕೊರಳಿಗೆ ಅದು ಬರುವುದುಂಟಾ ಎಂದು ಅವರು ಕೇಳಿದರು.

ಶನಿವಾರ ಮಧ್ಯಾಹ್ನ ಊಟದಲ್ಲಿ, ಬಿಲ್ಲೆ ನನಗೆ ಬರಲಿ ಎಂದು, ಟೀಚರ್ ಎದುರಿಗೇ ಶಶಿಪ್ರಭಾಳಿಗೆ "ಒಣಸ್ ಆಂಡಾ" ಎಂದು ಕೇಳಿದೆ. ಊಟ ಆಯಿತಾ ಎಂದು ಅರ್ಥ. ಅಷ್ಟು ತುಳು ಮಾತ್ರ ನನಗೆ ಗೊತ್ತು. ಎಲ್ಲರೂ ನಕ್ಕರು. ಇವಳ ನಾಟಕ ನೋಡಿ, ಇದು ಇವಳ ಭಾಷೆಯಾ ಎಂದು ಟೀಚರೂ ನಕ್ಕರು. ಶಶಿಪ್ರಭಾ ನಗಲಿಲ್ಲ. "ಆಂಡ್", ಆಯಿತು, ಎಂದಳು. ಬಟ್ಟಲಿನ ಅನ್ನ ಹಾಗೆಯೇ ಇತ್ತು. ಉತ್ತರ ಕೊಟ್ಟದ್ದಕ್ಕೆ, ಕ್ರಿಸ್ಮಸ್ ತನಕ ತಾಯಿ ಗೇಟಿಗೆ ಬರಬಾರದೆಂದು ಟೀಚರ್ ಅವಳಿಗೆ ಹೇಳಿದರು. ನನಗೆ ಏನೂ ಆಗಲಿಲ್ಲ.

ನಿನ್ನೆ ಆದಿತ್ಯವಾರ ಬೆಳಿಗ್ಗೆ ನಾವು ಕ್ರಿಶ್ಚಿಯನ್ ಹುಡುಗಿಯರು ಪೂಜೆ ಮುಗಿಸಿ ಇಗರ್ಜಿಯಿಂದ ಬಂದಾಗ ಅವಳು ಇರಲಿಲ್ಲ. ಟ್ರಂಕು, ಚಪ್ಪಲಿ ಇವೆ. ಮನೆಗೂ ಹೋಗಿಲ್ಲ. ಅವಳ ತಾಯಿ ಈಗ ಹೊರಗೆ ಬೆಂಚಿನಲ್ಲಿದ್ದಾರೆ.

ಗುರುತು: ನೀಲಿ ಲಂಗ, ಎರಡು ಜಡೆ. ಬಿಲ್ಲೆ ಹಾಸ್ಟೆಲಿನಲ್ಲಿ ಸಿಕ್ಕಿಲ್ಲ, ಕೊರಳಲ್ಲೇ ಇರಬೇಕು. ಅದು ಇರುವ ತನಕ ಅವಳಾಗಿ ಯಾರೊಡನೆಯೂ ಮಾತಾಡಲಿಕ್ಕಿಲ್ಲ. ಕಂಡವರು ದಯವಿಟ್ಟು ಮೊದಲು ತುಳುವಿನಲ್ಲಿ ಮಾತಾಡಿಸಬೇಕು.

ಬರೆದದ್ದನ್ನು ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದ ಹಾಗೆಯೇ ಉಂಟು, ಎಲ್ಲವೂ ಸತ್ಯ.

ಮಂಗಳೂರು
೧೪ ನವೆಂಬರ್ ೧೯೫೫
(ಸಹಿ) ಮಟಿಲ್ಡಾ ಬ್ರೂಕ್ಸ್