ಅಸಿಟೋನ್ ಡಬ್ಬಿ ಮತ್ತು ವರ್ಲೀನ್ ಅವರ ಕೈಚೀಲ

ಹೆಸರು: ಮಾಕ್ ಥಿ ಥೋವಾ. ಪಾರ್ಲರಿನಲ್ಲಿ ಗಿರಾಕಿಗಳು ಕರೆಯುವ ಹೆಸರು ಟೀನಾ. ವಯಸ್ಸು: 38. ಗಂಡನ ಹೆಸರು: ದ್ವಾನ್ ಲುಕ್, ಲಾರಿ ಚಾಲಕ. ಉದ್ಯೋಗ: ಉಗುರು ಮತ್ತು ಚರ್ಮದ ಆರೈಕೆ. ವಾಸ: ಗಂಡನ ಅಕ್ಕ ದ್ವಾನ್ ಥಿ ನ್ಯಾನ್ ಅವರ ಮನೆಯ ನೆಲಮಾಳಿಗೆಯ ಕೋಣೆ, ವಿಚಿಟಾ, ಕ್ಯಾನ್ಸಸ್.

ಮೇಲ್ಕಂಡ ನಾನು ವಿಯೆಟ್ನಾಮಿ ಭಾಷೆಯಲ್ಲಿ ಹೇಳಿ, ದುಭಾಷಿಯ ಮೂಲಕ ಈ ಠಾಣೆಯಲ್ಲಿ ಬರೆಸಿ ತಿಳಿಸುವುದೇನೆಂದರೆ, ನಾನು ಆರು ವರ್ಷಗಳಿಂದ ನನ್ನ ಗಂಡನ ಅಕ್ಕ ನ್ಯಾನ್ ಅವರ ಪಾರ್ಲರಿನಲ್ಲಿ ಕೆಲಸ ಮಾಡುತ್ತಿದ್ದೇನೆ. ದುಭಾಷಿಯಾಗಿ ತಾನೇ ಕೂರುತ್ತೇನೆ ಎಂದು ನ್ಯಾನ್ ಅಕ್ಕ ಹೇಳಿದ್ದರು. ಬೇಡ, ಬೇರೆಯವರು ಬೇಕು ಎಂದು ನಾನೇ ಕೇಳಿಕೊಂಡೆ. ಅವರು ಹೊರಗಿನ ಬೆಂಚಿನ ಮೇಲೆ ಕುಳಿತಿದ್ದಾರೆ.

ನಿನ್ನೆ ಮಂಗಳವಾರ ಬೆಳಿಗ್ಗೆ ಒಂಬತ್ತೂವರೆಗೆ ಪಾರ್ಲರ್ ತೆರೆದೆವು. ನ್ಯಾನ್ ಅಕ್ಕ ಬಾಗಿಲ ಬಳಿ ನೆಲದ ಮೇಲಿರುವ ಭೂಮಿದೇವರ ಪೆಟ್ಟಿಗೆಯಂಥ ಪುಟ್ಟ ಗುಡಿಯ ಮುಂದೆ ಊದುಬತ್ತಿ ಹಚ್ಚಿ, ಕಾಫಿ ಇಟ್ಟು ಕೈಮುಗಿದರು. ಆಮೇಲೆ ಬಾಗಿಲಿಗೆ ಹತ್ತಿರವೇ ಇರುವ ಗಲ್ಲಾಪೆಟ್ಟಿಗೆಯ ಪಕ್ಕ ನೆಲದಲ್ಲಿ ಕುಳಿತು, ಒಂದು ಗ್ಯಾಲನ್ ಅಸಿಟೋನ್ ಡಬ್ಬಿಯಿಂದ ಚಿಕ್ಕ ಬಾಟಲಿಗಳಿಗೆ ಸುರಿಯತೊಡಗಿದರು. ಉಗುರಿನ ಬಣ್ಣ ತೆಗೆಯುವುದಕ್ಕೆ, ಅಂಟು ಬಿಡಿಸುವುದಕ್ಕೆ, ಮುಖದ ಕೆಲವು ಚಿಕಿತ್ಸೆಗಳಿಗೆ ಮೊದಲು ಚರ್ಮದ ಜಿಡ್ಡು ಒರೆಸುವುದಕ್ಕೆ, ಎಲ್ಲಕ್ಕೂ ನಮಗೆ ಅದೇ ಬೇಕು.

ಸ್ವಲ್ಪ ಹೊತ್ತಿನಲ್ಲಿ ಒಬ್ಬ ಹುಡುಗಿ ಬಂದಳು. ಆ ದಿನದ ಮೊದಲ ಗಿರಾಕಿ. ಬಣ್ಣದ ಬಾಟಲಿಗಳನ್ನೆಲ್ಲ ಮುಟ್ಟಿ ನೋಡಿದಳು. ವಾಸನೆಗೆ ಮೂಗು ಮುಚ್ಚಿಕೊಂಡು, "ಇದು ವಿಷ ಅಲ್ವಾ? ಚರ್ಮದೊಳಗೆ ಇಳಿದು ರಕ್ತಕ್ಕೆ ಸೇರುತ್ತಂತೆ?" ಎಂದಳು. ನಾನು, ಇದು ಚರ್ಮ ಒಣಗಿಸುತ್ತದೆ, ಬಿಳಿಚಿಸುತ್ತದೆ, ತೊಳೆದು ಕ್ರೀಮ್ ಹಚ್ಚಿದರೆ ಸರಿಹೋಗುತ್ತದೆ, ಆಗೊಮ್ಮೆ ಈಗೊಮ್ಮೆ ಹಚ್ಚಿದರೆ ಹೆದರುವಂಥದ್ದೇನಿಲ್ಲ, ನಮ್ಮ ದೇಹವೇ ಚೂರು ಅಸಿಟೋನ್ ತಯಾರಿಸುತ್ತದೆ ಎಂದೆ. ಅವಳು ನಂಬಲಿಲ್ಲ. ಇನ್ನೊಂದು ದಿನ ಬರ್ತೀನಿ ಎಂದು ಹೊರಟೇಬಿಟ್ಟಳು. ಎಲ್ಲರೂ ಕೈಗೆ ಏನಾಗುತ್ತದೋ ಎಂದು ಹೆದರುತ್ತಾರೆ. ಇದು ಪೆಟ್ರೋಲಿನ ಹಾಗೆ ಹೊತ್ತಿಕೊಳ್ಳುತ್ತದೆ, ಇದರ ಆವಿ ಗಾಳಿಗಿಂತ ಭಾರವಾಗಿ ನೆಲ ಹಿಡಿದು ಹರಿಯುತ್ತದೆ ಎಂಬುದನ್ನು ಇಷ್ಟು ವರ್ಷದಲ್ಲಿ ಒಬ್ಬರೂ ಕೇಳಿಲ್ಲ. ಲೈಸೆನ್ಸ್ ಪರೀಕ್ಷೆಗೆ ನಾನೂ ನ್ಯಾನ್ ಅಕ್ಕನೂ ಇದನ್ನು ಓದಿದ್ದೇವೆ.

ಬೋಣಿಯಾಗದೆ ಮೊದಲ ಗಿರಾಕಿ ಹೊರಟುಹೋದರೆ ನಮ್ಮವರಿಗೆ ತಡೆಯುವುದಿಲ್ಲ. ಕಾಗದ ಹೊತ್ತಿಸಿ, ಆ ಕೆಟ್ಟ ಕಾಲ್ಗುಣ ಹೋಗಲಿ ಎಂದು ಅಂಗಡಿಯ ಬಾಗಿಲಲ್ಲಿ, ಮೂಲೆಗಳಲ್ಲಿ ಬೀಸುತ್ತಾರೆ. ನ್ಯಾನ್ ಅಕ್ಕ ಲೈಟರ್ ಕೈಗೆತ್ತಿಕೊಂಡೇ ಬಿಟ್ಟಿದ್ದರು. ಅಷ್ಟರಲ್ಲಿ ವರ್ಲೀನ್ ಸ್ಟಕಿ ಅವರ ಕಾರು ಬಂತು. ಬಿಳಿಯರ ಮುಂದೆ ಬೇಡ ಎಂದು ಲೈಟರನ್ನು ಜೇಬಿಗೆ ಹಾಕಿಕೊಂಡರು.

ವರ್ಲೀನ್ ಅವರಿಗೆ 71 ವರ್ಷ. ಮೂರು ವಾರಕ್ಕೊಮ್ಮೆ ಬರುತ್ತಾರೆ. ಅವರ ಕೈಚೀಲ ದೊಡ್ಡದು, ಹೆಣಿಗೆ ನೂಲು, ಮಾತ್ರೆ, ಬಿಸ್ಕತ್ತು ಎಲ್ಲ ಅದರಲ್ಲಿರುತ್ತದೆ. ನಿನ್ನೆ ಅವರು ಬಂದಾಗ ಆ ಚೀಲವನ್ನು ನಾನೇ ಅವರ ಕೈಯಿಂದ ತೆಗೆದುಕೊಂಡು, ಡಬ್ಬಿ ಇದ್ದ ಕಡೆ ಸುಳಿಯದೆ, ಹಿಂದಿನ ಫೇಶಿಯಲ್ ಕೋಣೆಗೆ ಒಯ್ದೆ. ಇದನ್ನು ದಯವಿಟ್ಟು ಹಾಗೆಯೇ ಬರೆದುಕೊಳ್ಳಬೇಕು.

ಕೋಣೆಯಲ್ಲಿ ಅವರನ್ನು ಮಲಗಿಸಿ, ಮುಖಕ್ಕೆ ಲೇಪ ಹಚ್ಚಿ, ಕಣ್ಣಿನ ಮೇಲೆ ಒದ್ದೆ ಹತ್ತಿ ಇಟ್ಟೆ. ಹಳೆಯ ಉಗುರುಬಣ್ಣ ಬಿಡಲೆಂದು ಹತ್ತು ಬೆರಳಿಗೂ ಅಸಿಟೋನಿನಲ್ಲಿ ಅದ್ದಿದ ಹತ್ತಿ ಸುತ್ತಿ, ಅಲ್ಯೂಮಿನಿಯಂ ಹಾಳೆಯಿಂದ ಬಿಗಿದೆ. "ಈಗ ನನ್ನ ಮೂಗು ತುರಿಸಿದ್ರೂ ನೀನೇ ಕೆರೀಬೇಕು ಟೀನಾ" ಎಂದು ಅವರು ನಕ್ಕರು. ಕೋಣೆಗೆ ಕಿಟಕಿಯಿಲ್ಲ. ಗಾಳಿಗೆಂದು ಬಾಗಿಲು ಅರ್ಧ ತೆರೆದಿಟ್ಟಿದ್ದೆ. ಅಲ್ಲಿಂದ ಗಲ್ಲಾಪೆಟ್ಟಿಗೆ ಸುಮಾರು ಮೂವತ್ತು ಅಡಿ ದೂರ, ನೇರ ಕಾಣುತ್ತದೆ.

ಹತ್ತು ಗಂಟೆ ಹತ್ತು ನಿಮಿಷದ ಹೊತ್ತಿಗೆ ನ್ಯಾನ್ ಅಕ್ಕ ಒಂದು ಹಳೆ ರಸೀದಿ ಹೊತ್ತಿಸಿ ಬಾಗಿಲ ಬಳಿ ಬೀಸುವುದನ್ನು ಕಂಡೆ. ಡಬ್ಬಿಯ ಮುಚ್ಚಳ ತೆರೆದೇ ಇತ್ತು. "ಅಕ್ಕಾ, ಡಬ್ಬಿ! ಡಬ್ಬಿ ಮುಚ್ಚಿ!" ಎಂದು ಕೂಗಿದೆ. "ಬಾಯ್ಮುಚ್ಚೇ, ಇಂಥ ಹೊತ್ತಲ್ಲಿ ಅಪಶಕುನ ನುಡೀಬೇಡ" ಎಂದು ಅವರು ನನ್ನ ಕಡೆ ತಿರುಗಿದರು. ತಿರುಗುವಾಗ ಅವರ ಚಪ್ಪಲಿ ಡಬ್ಬಿಗೆ ತಾಗಿತು. ಡಬ್ಬಿ ಉರುಳಿತು. ಕೈಯಲ್ಲಿ ಉರಿಯುವ ಕಾಗದ ಹಾಗೆಯೇ ಇತ್ತು. ಭಗ್ಗೆಂದು ನೆಲವೆಲ್ಲ ಹೊತ್ತಿಕೊಂಡಿತು. ನ್ಯಾನ್ ಅಕ್ಕ ಮುಂಬಾಗಿಲಿನಿಂದ ಹೊರಗೆ ಓಡಿದರು. ನಮಗೂ ಮುಂಬಾಗಿಲಿಗೂ ನಡುವೆ ಬೆಂಕಿ ನಿಂತಿತು.

ನಾನು ಕೋಣೆಯ ಬಾಗಿಲು ಎಳೆದು ಮುಚ್ಚಿದೆ. ವರ್ಲೀನ್ ಎದ್ದು ಕುಳಿತು, ಏನು ವಾಸನೆ, ಏನು ಸದ್ದು ಎಂದು ಕೇಳುತ್ತ, ಹಾಳೆ ಸುತ್ತಿದ ಎರಡೂ ಕೈಗಳನ್ನು ನನ್ನ ಕಡೆ ಚಾಚಿದರು. ಆ ಹತ್ತು ಬೆರಳಲ್ಲೂ ಅಸಿಟೋನ್ ಎಂದು ಆಗ ನೆನಪಾಯಿತು. ಒಂದೊಂದೇ ಹಾಳೆ ಕಿತ್ತೆ, ಹತ್ತಿಯನ್ನೆಲ್ಲ ಬೋಗುಣಿಯ ನೀರಿಗೆ ಎಸೆದೆ, ಅವರ ಕೈಗಳನ್ನು ನಲ್ಲಿ ಕೆಳಗೆ ಹಿಡಿದು ತೊಳೆದೆ. ಬಾಗಿಲ ಸಂದಿಯಿಂದ ಹೊಗೆ ಬರತೊಡಗಿತ್ತು. ಒದ್ದೆ ಟವೆಲನ್ನು ಅವರ ಮೂಗಿಗೆ ಒತ್ತಿ, ಕೋಣೆಯ ಬಾಗಿಲು ತೆರೆದು, ಸೊಂಟ ಹಿಡಿದು ಹಿಂಬಾಗಿಲಿಗೆ ಕರೆತಂದೆ. ಅದು ಕೋಣೆಯಿಂದ ಆರು ಅಡಿ.

ಹಿಂಬಾಗಿಲಿಗೆ ಬೀಗ. ಹೋದ ವರ್ಷ ಕಳ್ಳರು ನುಗ್ಗಿದ ಮೇಲೆ ನ್ಯಾನ್ ಅಕ್ಕ ಒಳಗಿಂದಲೂ ಹೊರಗಿಂದಲೂ ಕೀಲಿ ಬೇಕಾದ ಬೀಗ ಹಾಕಿಸಿದ್ದರು. ಕೀಲಿ ಒಂದೇ, ಅವರ ಮಣಿಕಟ್ಟಿನಲ್ಲಿ. ನಾನು ಬಾಗಿಲು ಗುದ್ದಿದೆ, ಒದ್ದೆ, ಕಿರುಚಿದೆ. ವರ್ಲೀನ್ ಕೆಮ್ಮುತ್ತ ನನ್ನ ಕಾಲ ಬಳಿ ಕುಸಿದರು.

ಹೊರಗೆ ಹೆಜ್ಜೆ ಸದ್ದಾಯಿತು. ನ್ಯಾನ್ ಅಕ್ಕನ ದನಿ. "ಥೋವಾ, ಒಳಗಿದೀಯಾ?"

"ಇನ್ನೆಲ್ಲಿರ್ತೀನಿ! ತೆಗೀರಿ ಅಕ್ಕಾ, ಅಜ್ಜಿ ಬಿದ್ದಿದಾರೆ!"

"ತೆಗೀತೀನಿ. ಮೊದ್ಲು ಕೇಳು. ಅಜ್ಜಿ ಕೈಚೀಲ ತಾಗಿ ಡಬ್ಬಿ ಉರುಳ್ತು, ದೇವರ ಊದುಬತ್ತಿ ಕಿಡಿ ಹತ್ಕೊಳ್ತು. ಯಾರು ಕೇಳಿದ್ರೂ ಇಷ್ಟೇ. ಹೂಂ ಅನ್ನು."

ನನಗೆ ಮೊದಲು ಅರ್ಥವಾಗಲಿಲ್ಲ. ಕೀಲಿ ಬೀಗದೊಳಗೆ ಹೋದ ಸದ್ದು ಕೇಳಿಸಿತ್ತು, ತಿರುಗಿದ ಸದ್ದು ಕೇಳಿಸಲಿಲ್ಲ. "ಅಕ್ಕಾ, ನಿಮ್ಮ ದಮ್ಮಯ್ಯ" ಎಂದೆ.

"ದಮ್ಮಯ್ಯ ಗಿಮ್ಮಯ್ಯ ಬೇಡ. ಕಾಗದ ಸುಟ್ಟೆ ಅಂತ ಗೊತ್ತಾದ್ರೆ ನನ್ನ ಲೈಸೆನ್ಸ್ ಹೋಯ್ತು, ಅಂಗಡಿ ಹೋಯ್ತು. ತೀರಿಹೋಗಿರೋ ನಿಮ್ಮಪ್ಪನ ಮೇಲೆ ಆಣೆ ಇಡು."

ನಾನು ಅಪ್ಪನ ಮೇಲೆ ಆಣೆ ಇಟ್ಟೆ. ಬಾಗಿಲು ತೆರೆಯಿತು.

ವರ್ಲೀನ್ ಅವರಿಗೆ ನಮ್ಮ ಭಾಷೆ ಬಾರದು. ಅವರ ಪಾಲಿಗೆ ನ್ಯಾನ್ ಅಕ್ಕ ಹೊರಗಿನಿಂದ ಧೈರ್ಯ ಹೇಳುತ್ತಿದ್ದವರು. ಹೊರಗೆ ಬಂದವರೇ ಅಕ್ಕನ ಕೊರಳಿಗೆ ಬಿದ್ದು, ದೇವರೇ ನಿನ್ನನ್ನು ಕಳಿಸಿದ ಎಂದು ಅತ್ತರು. ಮುಖದ ಲೇಪವೆಲ್ಲ ಅಕ್ಕನ ಭುಜಕ್ಕೆ ಮೆತ್ತಿಕೊಂಡಿತು. ನ್ಯಾನ್ ಅಕ್ಕ ಅವರ ಬೆನ್ನು ಸವರುತ್ತ, "ಹೋಗ್ಲಿ ಬಿಡಿ ಅಜ್ಜಿ, ಚೀಲ ತಾಗಿದ್ದು ನಿಮಗೆ ಗೊತ್ತಾಗ್ಲಿಲ್ಲ, ನಾನೇನೂ ಬೇಜಾರು ಮಾಡ್ಕೊಳಲ್ಲ" ಎಂದರು. ವರ್ಲೀನ್ ಅವರ ಅಳು ಅಲ್ಲಿಗೆ ನಿಂತೇಹೋಯಿತು.

ಆಂಬ್ಯುಲೆನ್ಸಿನಲ್ಲಿ ನಾವು ಮೂವರೂ ಇದ್ದೆವು. ವರ್ಲೀನ್ ನನ್ನ ಕೈ ಹಿಡಿದು, "ಟೀನಾ, ಕಂದಾ, ನೀನು ನೋಡ್ದೆಯಾ? ನನ್ನ ಚೀಲಾನೇ ತಾಗಿದ್ದಾ? ಹೋದಲ್ಲೆಲ್ಲ ಏನಾದ್ರೂ ಬೀಳಿಸ್ತೀಯ ಅಂತ ನನ್ನ ಮಗಳು ಬೈತಾನೇ ಇರ್ತಾಳೆ" ಎಂದರು. ಪಕ್ಕದಲ್ಲಿ ನ್ಯಾನ್ ಅಕ್ಕ ಇದ್ದರು. ನಾನು ವರ್ಲೀನ್ ಅವರ ಹೊದಿಕೆ ಸರಿಮಾಡಿದೆ. ಆಸ್ಪತ್ರೆಯಲ್ಲಿ ಅವರ ಬೆರಳುಗಳನ್ನು ಪರೀಕ್ಷಿಸಿ, ಚರ್ಮ ಒಣಗಿದೆ ಅಷ್ಟೇ, ಬೇರೇನೂ ಆಗಿಲ್ಲ ಎಂದರು. ಇವತ್ತು ಬೆಳಿಗ್ಗೆ ಅವರ ಮಗಳು ಫೋನ್ ಮಾಡಿ, ಅಮ್ಮ ರಾತ್ರಿ ಊಟ ಮುಟ್ಟಿಲ್ಲ, ಅಂಗಡಿ ಸುಟ್ಟದ್ದು ತಾನೇ ಎಂದು ಪೊಲೀಸರಿಗೆ ಬರೆದುಕೊಡುತ್ತಾಳಂತೆ ಎಂದು ಹೇಳಿದಳು. ಮಾಡದ ತಪ್ಪಿಗೆ!

ನನ್ನ ಗಂಡ ಲುಕ್ ಕೂಡ ಫೋನ್ ಮಾಡಿದ್ದ. "ಅಕ್ಕ ಹೇಳ್ದಂಗೆ ಹೇಳಿ ಮುಗಿಸು ಮಾರಾಯ್ತಿ. ನಾವಿರೋದು ಯಾರ ಮನೇಲಿ?" ಎಂದ. ಯಾರ ಮನೆಯಲ್ಲಿ ಎಂದು ನನಗೆ ಗೊತ್ತು. ಆರು ವರ್ಷದಲ್ಲಿ ನ್ಯಾನ್ ಅಕ್ಕ ಅದನ್ನು ಒಂದು ದಿನವೂ ಮರೆಯಲು ಬಿಟ್ಟಿಲ್ಲ. ನನಗೆ ಭಯವಾಗುತ್ತಿದೆ, ಅದನ್ನೂ ಬರೆದುಕೊಳ್ಳಿ. ಇಟ್ಟ ಆಣೆ ಮುರಿಯುತ್ತಿದ್ದೇನೆ. ಹೊಗೆ ಕುಡಿಸಿ ಇಡಿಸಿದ ಆಣೆಯನ್ನು ಅಪ್ಪ ಲೆಕ್ಕಕ್ಕೆ ಹಿಡಿಯಲಾರರು ಎಂದುಕೊಂಡಿದ್ದೇನೆ.

ದುಭಾಷಿಯವರು ಇಷ್ಟನ್ನೂ ನನಗೆ ಓದಿ ಹೇಳಿದರು. "ಗಂಡನ ಅಕ್ಕ ಬಂದು ಬಾಗಿಲು ತೆರೆದರು" ಎಂದಿದ್ದಲ್ಲಿ, "ಆಣೆ ಇಡಿಸಿಕೊಂಡ ಮೇಲೆ ತೆರೆದರು" ಎಂದು ತಿದ್ದಿಸಿದ್ದೇನೆ. ನನ್ನ ಕೋರಿಕೆ ಒಂದೇ. ನನ್ನ ವಿಚಾರ ಆಮೇಲೆ ನೋಡಿಕೊಳ್ಳಿ. ಮೊದಲು ಯಾರಾದರೂ ವರ್ಲೀನ್ ಅವರ ಮನೆಗೆ ಹೋಗಿ, ಡಬ್ಬಿ ಉರುಳಿಸಿದ್ದು ನೀವಲ್ಲ ಎಂದು ಹೇಳಿ, ಅವರು ಊಟ ಮಾಡುವ ತನಕ ಅಲ್ಲಿ ಕೂರಬೇಕು.

ಈ ಕೋಣೆಗೆ ಇನ್ನೊಂದು ಬಾಗಿಲಿದೆಯೇ ಎಂದು ಕೇಳಿದೆ. ಇಲ್ಲ, ನ್ಯಾನ್ ಅಕ್ಕ ಕುಳಿತಿರುವ ಬೆಂಚಿನ ಕಡೆಗಿರುವುದೊಂದೇ ಎಂದರು. ಹಾಗಾದರೆ ಅದರಲ್ಲೇ ಹೋಗುತ್ತೇನೆ.

ನಾನು ಕಂಡದ್ದು, ಕೇಳಿದ್ದು ಇಷ್ಟೇ. ಇದರಲ್ಲಿ ಸುಳ್ಳಿಲ್ಲ, ಯಾರೂ ಹೇಳಿಕೊಟ್ಟದ್ದಲ್ಲ ಎಂದು ಒಪ್ಪಿ ರುಜು ಹಾಕಿದ್ದೇನೆ.

ಸ್ಥಳ: ವಿಚಿಟಾ
ದಿನಾಂಕ: 13 ಮಾರ್ಚ್ 2019, ಬುಧವಾರ
ಸಹಿ: ಮಾಕ್ ಥಿ ಥೋವಾ