ಚಪ್ಪಟೆ ಹುಳದ ವಂಶಾವಳಿ

ಹಂಗಂದ್ರ ನಾನ ಸುಳ್ಳು, ಆ ಮಷೀನ್ ಸತ್ಯಹರಿಶ್ಚಂದ್ರ! ಆತು ಬಿಡ್ರಿ ಶೈಲಜಾ ಮೇಡಮ್ರ. ಇಪ್ಪತ್ತೆರಡು ವರ್ಷ ಈ ಹೊಸಪೇಟಿ ಕಾಲೇಜಿನ ಲ್ಯಾಬಿನಾಗ ಸೀಸೆ ತೊಳೆದ ಅಟೆಂಡರ್ ಹುಲುಗಪ್ಪ ಸುಳ್ಳು. ಹೈದರಾಬಾದಿನಾಗ ಎ.ಸಿ. ಹಾಕ್ಕೊಂಡು ಕುಂತ ಡಬ್ಬಿ ಖರೆ!

ಏನಂತ ಬರೆದೈತಿ, ಇನ್ನೊಮ್ಮೆ ಹೇಳ್ರಿ... ಸಂಡೂರ ಗುಡ್ಡದ ಹಳ್ಳದ ಚಪ್ಪಟೆ ಹುಳ, ಕಂಪ್ಲಿ ಕಾಲುವಿ ಹುಳ, ಎರಡರ ಡಿಎನ್‌ಎದಾಗ ಒಂದಕ್ಷರಾನೂ ಫರಕಿಲ್ಲ. ಇಲ್ದಿದ್ರ ಇಲ್ಲ! ಸಂಡೂರ ಹುಳ ಕಂಪ್ಲಿಗೆ ಹೆಣ್ಣು ಕೊಟ್ಟಿರಬೇಕು. ಅವಕ್ಕ ಬೀಗತನ ಬ್ಯಾಡೇನ್ರಿ? ಏನು... ಒಂದಾ ಹುಳ ಗಂಡೂ ಹೌದು, ಹೆಣ್ಣೂ ಹೌದು? ಶಿವನೇ! ಮತ್ತ ವರದಕ್ಷಿಣಿ ಯಾರು ಯಾರಿಗೆ ಕೊಡ್ತಾರ?

ಹೆಳವ ಎತ್ತಿನ ಮ್ಯಾಲೆ ಬಂದು ನಮ್ಮಪ್ಪ, ಅಜ್ಜ, ಮುತ್ತಜ್ಜ ಅಂತ ಏಳು ತಲಿ ಹೇಳಿ ಒಂದು ಸೇರು ಜ್ವಾಳ ಇಸಗೊಂಡು ಹೋಗ್ತಾನ. ನೀವು ಹುಳದ ಹೆಳವರು! ಕೋಟಿ ವರ್ಷದ್ದು ಹೇಳ್ತೀರಿ, ಜ್ವಾಳದ ಬದ್ಲಿ ಪಿಎಚ್‌ಡಿ ಇಸಗೊಳ್ತೀರಿ.

ಸಿಟ್ಟಾಗಬ್ಯಾಡ್ರಿ. ಗೊತ್ತೈತಿ, ನಾಳೆ ಕಮಿಟಿ ಮುಂದ ಕುಂದ್ರಬೇಕು ನೀವು. ಆ ಹಳ್ಳದ ಹುಳ ಬ್ಯಾರೇನ ಕುಲ, ಮತ್ತೆಲ್ಲೂ ಇಲ್ಲ ಅಂತ ತೋರಿಸಿದ್ರ ಗಣಿಯೋರು ಹಳ್ಳ ಬಿಡಬೇಕು. ಉಗುರಿನಷ್ಟಿಲ್ಲದ ಹುಳ ಗಣಿ ನಿಲ್ಲಸ್ತೈತಿ! ಮಸ್ತ್!

ನಾನ ಸ್ವತಾ ಹಿಡಿದೀನ್ರಿ. ಕುರಿ ಕಲೇಜಿ ತುಂಡು ದಾರಕ್ಕ ಕಟ್ಟಿ ನೀರಿಗೆ ಬಿಟ್ಟು, ಎರಡು ತಾಸು ಕುಂತು, ಅಂಟಿಕೊಂಡದ್ದನ್ನ ಸೀಸೆಗೆ ಹಾಕಿ, ಊರಿನ ಹೆಸರು ಬರೆದ ಚೀಟಿ ಅಂಟಿಸಿ... ಯಾವತ್ತಾ? ಅದು... ಮಂಗಳವಾರ ಇರಬೇಕ್ರಿ. ಬುಧವಾರ. ಯಾಕ ಹಂಗ ನೋಡ್ತೀರಿ?

ಇದ್ಯಾವ ಕಾಗದ? ಹೋದ ವರ್ಷ ಅದೇ ಹಳ್ಳದಾಗ ನೀವು ಹಿಡಿದಿದ್ರಲ್ಲ, ಆ ಹುಳದ್ದಾ? ಓಹೋ... ಹುಳಗಳ ವಂಶಾವಳಿನ ಗಿಡದಂಗ ಬರೆದಾರ; ಇದರ ಟೊಂಗಿ ಬುಡದಾಗ ಒಡೆದು ಒಂಟಿ ನಿಂತೈತಿ. ಕಂಪ್ಲಿದು ಎಲ್ಲೋ ತುದಿಗೈತಿ. ಒಂದು ಹುಳದ ಸಾಕ್ಷಿ ಸಾಲದು, ಇನ್ನೂ ನಾಕು ತಗೊಂಡು ಬಾ ಅಂತ ಅದಕ್ಕಾ ಕಳಿಸಿದ್ರಿ ನನ್ನ... ಮಷೀನಿಗೂ ತಲಿ ಕೆಡ್ತೈತ್ರಿ ಒಮ್ಮೊಮ್ಮೆ. ಹೌದಿಲ್ಲೋ?

ಜೀಪಿನ ಕೀಲಿ ಯಾಕ ತಗೊಂಡ್ರಿ? ಈಗಾ? ಬಿಸಿಲು ನೋಡ್ರಿ! ದಾರಿ ತುಂಬ ಅದಿರಿನ ಲಾರಿ, ಧೂಳು, ನಿಮಗ ಮೊದಲ ದಮ್ಮು... ಬ್ಯಾಡ್ರಿ ಮೇಡಮ್ರ. ಹೋಗಬ್ಯಾಡ್ರಿ!

ಅಲ್ಲಿ ಹಳ್ಳ ಇಲ್ರಿ.

ಹೌದು... ಎಲ್ಲಾ ಸೀಸೆಗೂ ಕಂಪ್ಲಿ ಕಾಲುವಿದ ತುಂಬಿದೆ. ಸಂಡೂರಾಗ ಹುಳ ಎಲ್ಲಿಂದ ತರ್ಲಿ? ಗಣಿಯ ಕಸಮಣ್ಣು ಸುರಿದು ಮುಚ್ಚ್ಯಾರ. ಯಾರು ಅಂತ ಕೇಳ್ರಿ... ಬೈರಿ, ಹೊಡೀರಿ! ಊರಾಗ ಎಲ್ಲಾರೂ ಟಿಪ್ಪರ್ ತಗೊಂಡ್ರು, ನಾನೂ ತಗೊಂಡೆ. ಮಣ್ಣು ಸುರಿಯಾಕ ಹತ್ತಿರದಾಗ ಎಲ್ಲ್ಯರ ತಗ್ಗು ಐತೇನಲೇ ಅಂದ್ರು ಗಣಿಯೋರು. ತೋರಿಸಿದೆ.

ಆ ಹಳ್ಳಕ್ಕ ಗಾಡಿ ಇಳಿಯೋ ದಾರಿ ಯಾರಿಗೂ ಗೊತ್ತಿರಲಿಲ್ರಿ. ನನಗೂ ಗೊತ್ತಿರಲಿಲ್ಲ... ಹೋದ ವರ್ಷ ನಿಮ್ಮ ಜೋಡಿ ಜೀಪಿನಾಗ ಹೋದಾಗ ನೋಡಿದ್ದೆ.